ಹಳೆಯ ರೋಮಾಪುರಿಯ ಚಿತ್ರಕಾರ್ಡುಗಳು
(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಗುರುಮನೆಯ ಮೇಜಿನ ಮೇಲೆ ಇಂದು ಹರಡಿಟ್ಟಿರುವ ಹಳೆಯ ಕಾರ್ಡುಗಳನ್ನು ಕಂಡು ತಮ್ಮಲ್ಲಿ ಹಲವರು, "ಸ್ವಾಮಿ, ಈ ಪಾಳುಗೋಡೆಗಳ ಚಿತ್ರಗಳಿಂದ ಏನು ಪ್ರಯೋಜನ?" ಎಂದು ಕೇಳಿದಿರಿ. ಅದಕ್ಕುತ್ತರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬಯಸುತ್ತೇವೆ.

ಅಂಚೆ ಕಾರ್ಡು 1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿತು. ನಮ್ಮ ದೇಶಕ್ಕೆ ಅದು 1879ರಲ್ಲಿ ಬಂದಾಗ ಬೆಲೆ ಕಾಲಾಣೆ. ಆ ಶತಮಾನ ಮುಗಿಯುವ ವೇಳೆಗೆ ಚಿತ್ರವಿರುವ ಕಾರ್ಡುಗಳು ಯುರೋಪಿನಲ್ಲೆಲ್ಲ ಬಳಕೆಗೆ ಬಂದವು. ರೋಮಿಗೆ ಹೋದ ಯಾತ್ರಿಕರು ಕೊಲೊಸಿಯಮ್, ಪ್ಯಾಂಥಿಯನ್, ಟೈಟಸನ ವಿಜಯದ ಕಮಾನು ಮುಂತಾದ ಪುರಾತನ ಕಟ್ಟಡಗಳ ಚಿತ್ರಗಳ ಮೇಲೆಯೇ ಮನೆಗೆ ಕ್ಷೇಮಸಮಾಚಾರ ಬರೆದರು.

ಕಾರ್ಡಿನಲ್ಲಿ ವರ್ಷ ನಮೂದಾಗಿರದಿದ್ದರೆ ಚಿತ್ರವನ್ನೇ ವಿಚಾರಿಸಬೇಕು. ಕೊಲೊಸಿಯಮ್ಮಿನ ಒಳಗಿದ್ದ ಶಿಲುಬೆಯನ್ನೂ ಶಿಲುಬೆಹಾದಿಯ ಗೂಡುಗಳನ್ನೂ 1874ರಲ್ಲಿ ತೆಗೆಸಿದರು. 1926ರಲ್ಲಿ ಶಿಲುಬೆಯನ್ನು ಮರಳಿ ನೆಟ್ಟರು. ಆದುದರಿಂದ ಶಿಲುಬೆಯಿಲ್ಲದ ಒಳನೋಟದ ಕಾರ್ಡು ನಮಗೆ ಒಂದು ಸಾಕ್ಷಿ. ಕಾನ್‌ಸ್ಟಂಟೈನನ ಕಮಾನಿನ ಬಳಿ ಇಟ್ಟಿಗೆಯ ಮೋಟು ಗೋಪುರವೊಂದು ಕಾಣಿಸಿದರೆ, ಅದು ಮೆಟಾ ಸುದಾನ್ಸ್ ಎಂಬ ಪ್ರಾಚೀನ ಕಾರಂಜಿಯ ಅವಶೇಷ. ಸುಮಾರು ಹದಿನೆಂಟು ಶತಮಾನ ಉಳಿದಿದ್ದ ಅದನ್ನು 1936ರಲ್ಲಿ ಕೆಡವಿದರು. ಈಗ ಅದು ನಿಂತಿರುವುದು ಇಂಥ ಚಿತ್ರಗಳಲ್ಲಿ ಮಾತ್ರ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಬಾಲಕರಾಗಿದ್ದಾಗ ಹಿರಿಯ ಗುರುಗಳೊಬ್ಬರು ತಾವು ರೋಮಿನಿಂದ ಬರೆದಿದ್ದ ಕಾರ್ಡುಗಳನ್ನು ನೋಡಲೆಂದು ನಮ್ಮ ಕೈಗಿತ್ತರು. ಅಂಚೆಚೀಟಿಗಳ ಆಸೆಯಿಂದ ನಾವು ಅವನ್ನು ಬಿಸಿನೀರಿನಲ್ಲಿ ನೆನೆಹಾಕಿದೆವು. ಚೀಟಿ ಬಿಟ್ಟುಬಂತು, ಅದರೊಡನೆ ಅಂಚೆಮುದ್ರೆಯ ತಾರೀಖೂ ಹೋಯಿತು. ಶಾಯಿ ಕದಡಿ ಬರಹವೆಲ್ಲ ಅಳಿಸಿತು. ಗುರುಗಳು ಬಯ್ಯಲಿಲ್ಲ. "ನನ್ನ ತಾಯಿಗೆ ಬರೆದದ್ದು" ಎಂದಷ್ಟೇ ನುಡಿದರು. ಆ ಕಾರ್ಡುಗಳು ಇಂದಿಗೂ ನಮ್ಮಲ್ಲಿವೆ. ಕೊಲೊಸಿಯಮ್ ಸ್ಪಷ್ಟವಾಗಿದೆ, ಮಗನ ಮಾತು ಇಲ್ಲ.

ಪ್ರಿಯರೇ, ಕೊಲೊಸಿಯಮ್ಮಿನ ಚಿತ್ರ ತೆಗೆಯಲು ಸಾವಿರಾರು ಮಂದಿ ಇದ್ದರು. ಬಿನ್ನಿ ಗಿರಣಿಯ ಕಾರ್ಮಿಕರ ಸಾಲುಮನೆಗಳ ಕಾರ್ಡನ್ನು ಅಚ್ಚುಹಾಕಿಸಿ ಮಾರಿದವರನ್ನು ನಾವು ಕಂಡಿಲ್ಲ. ಗಿರಣಿಯಿದ್ದ ನೆಲದಲ್ಲಿ ಇಂದು ಎತ್ತರದ ವಸತಿಕಟ್ಟಡಗಳು ಎದ್ದಿವೆ. ಆದರೆ ತಮ್ಮ ಮನೆಯ ಪೆಟ್ಟಿಗೆಗಳಲ್ಲಿ ಮದುವೆಯ, ಪ್ರಥಮ ಪರಮಪ್ರಸಾದದ, ಹಬ್ಬದ ತೇರಿನ ಭಾವಚಿತ್ರಗಳಿವೆ. ಅವುಗಳ ಹಿನ್ನೆಲೆಯಲ್ಲಿ ಹಳೆಯ ಬೀದಿಯಿದೆ, ಅಜ್ಜ ಅಜ್ಜಿಯರಿದ್ದಾರೆ.

ಆದುದರಿಂದ ನಮ್ಮ ಬಿನ್ನಹ ಇಷ್ಟೇ. ಆ ಚಿತ್ರಗಳನ್ನು ಹೊರತೆಗೆಯಿರಿ. ಹಿರಿಯರು ಬದುಕಿರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಗುರವಾಗಿ ಹೆಸರು, ವರ್ಷ, ಸ್ಥಳ ಬರೆಯಿರಿ. ಗೋಂದು ಹಚ್ಚಬೇಡಿರಿ, ಅಂಚು ಕತ್ತರಿಸಬೇಡಿರಿ. ಪ್ರತಿ ತೆಗೆಸಿ ಮೂಲವನ್ನು ತಮಗೇ ಹಿಂದಿರುಗಿಸುತ್ತೇವೆ. ಈ ಸಲ ನೀರಿನಲ್ಲಿ ನೆನೆಹಾಕುವುದಿಲ್ಲವೆಂದು ಮಾತು ಕೊಡುತ್ತೇವೆ.

ದೇವರು ತಮ್ಮೆಲ್ಲರನ್ನೂ ಹರಸಲಿ.