ಸೋತವನಿಗೂ ನಾಲ್ಕು ಬೀಜ



ವಾಣಿಜ್ಯಶಾಸ್ತ್ರದ ಅಧ್ಯಾಪಕರೂ ಸ್ವಸಹಾಯ ಸಂಘಗಳ ಅಕ್ಕಂದಿರೂ ಸೇರಿರುವ ಎಲ್ಲೂರಿನ ಈ ಸಭೆಯಲ್ಲಿ ಮಾತಾಡಲು, ಮಕ್ಕಳ ಆಟದ ವ್ಯಾಪಾರದಿಂದ ದೊಡ್ಡವರು ಕಲಿಯುವುದೇನು ಎಂಬ ವಿಷಯ ಕೊಟ್ಟಿದ್ದೀರಿ. ಮಕ್ಕಳು ದೇವರ ಸಮಾನ ಎಂದು ಶುರುಮಾಡಿದರೆ ಮಧ್ಯಾಹ್ನದ ಊಟದವರೆಗೆ ಸುಖವಾಗಿ ಎಳೆಯಬಹುದು. ಆದರೆ ಬೇಸಗೆ ರಜೆಯಲ್ಲಿ ಗುಡ್ಡೆ ಸುತ್ತಿದವರಿಗೆಲ್ಲ ಗೊತ್ತು, ಮಕ್ಕಳು ದೇವರಲ್ಲ, ಪಕ್ಕಾ ವ್ಯಾಪಾರಿಗಳು.

ಗೇರುಬೀಜದ ಕಾಲವನ್ನೇ ತೆಗೆದುಕೊಳ್ಳಿ. ಇಲ್ಲಿಂದ ಮುದರಂಗಡಿ, ಶಿರ್ವದ ಕಡೆಗೆ ಹೋದರೆ ಗುಡ್ಡೆಗುಡ್ಡೆಯಲ್ಲಿ ಗೇರುಮರ. ಬಿದ್ದ ಬೀಜ ಹೆಕ್ಕಿ ಚಡ್ಡಿಯ ಕಿಸೆ ತುಂಬಿಸಿಕೊಳ್ಳುವುದು ಬಂಡವಾಳ ಕ್ರೋಡೀಕರಣ. ಯಾರ ಹಿತ್ತಿಲಿನ ಮರ ಎಂದು ಕೇಳಬೇಡಿ. ದೊಡ್ಡ ದೊಡ್ಡ ಕಂಪನಿಗಳ ಮೊದಲ ಬಂಡವಾಳದ ಬಗ್ಗೆಯೂ ನಾವು ಹಾಗೆ ಕೇಳುವುದಿಲ್ಲ. ಆಡುವುದಕ್ಕೂ ಅದೇ ಬೀಜ, ಕೊಳ್ಳುವುದಕ್ಕೂ ಅದೇ ನಾಣ್ಯ. ಸೈಕಲ್ಲಿನಲ್ಲಿ ಬರುತ್ತಿದ್ದ ಐಸ್‌ಕ್ಯಾಂಡಿಯವನು ದುಡ್ಡಿನ ಬದಲು ಬೀಜವನ್ನೇ ತೆಗೆದುಕೊಳ್ಳುತ್ತಿದ್ದ. ಎಳಸು ಬೀಜ ಸೇರಿಸಿದರೆ ಹೆಕ್ಕಿ ಕೈಗೇ ವಾಪಸು ಕೊಡುತ್ತಿದ್ದ. ಗುಣಮಟ್ಟ ಪರೀಕ್ಷೆಯ ಮೊದಲ ಪಾಠ ನಮ್ಮಲ್ಲಿ ಅನೇಕರಿಗೆ ಆದದ್ದು ಹಾಗೆ.

ನಾನು ಹೇಳಬೇಕೆಂದಿರುವುದು ಇದಲ್ಲ, ಆಟದ ಸಂಗತಿ. ಸಾಲಾಗಿ ಇಟ್ಟ ಬೀಜಗಳಿಗೆ ದೂರದಿಂದ ದಪ್ಪ ಬೀಜವೊಂದನ್ನು ಗುರಿಯಿಟ್ಟು ಹೊಡೆಯುವ ಆಟದಲ್ಲಿ ಒಬ್ಬ ಹುಡುಗ ಎಲ್ಲವನ್ನೂ ಕಳೆದುಕೊಂಡು ಎದ್ದು ನಿಲ್ಲುತ್ತಾನೆ. ಗೆದ್ದವನು ಏನು ಮಾಡುತ್ತಾನೆ? ಕಿಸೆಗೆ ಕೈಹಾಕಿ ನಾಲ್ಕು ಬೀಜ ತೆಗೆದು ಅವನ ಮುಂದಿಡುತ್ತಾನೆ. ‘ಹಿಡ್ಕೋ, ಆಡು.’ ಇದನ್ನು ಕರುಣೆ ಎಂದು ಕರೆದರೆ ಆ ಹುಡುಗನ ಬುದ್ಧಿಗೆ ಅವಮಾನ. ಇದು ಲೆಕ್ಕಾಚಾರ. ಎದುರಾಳಿ ಮನೆಗೆ ಹೋದರೆ ಆಟ ಮುಗಿಯಿತು, ಕಿಸೆಯಲ್ಲಿರುವ ಬೀಜಕ್ಕೆ ಆಮೇಲೆ ಐಸ್‌ಕ್ಯಾಂಡಿಯ ಬೆಲೆಯಷ್ಟೇ.

ಚೆನ್ನೆಮಣೆಯಲ್ಲಿ ಈ ವಿವೇಕ ನಿಯಮವಾಗಿಯೇ ಸೇರಿಕೊಂಡಿದೆ. 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಳು. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದಾಗ ಚಾವಡಿಯಲ್ಲಿ ಮಣೆ ಇಳಿಯುತ್ತದೆ. ಒಂದು ಸುತ್ತಿನಲ್ಲಿ ಸೋತವರು ತಮ್ಮಲ್ಲಿ ಉಳಿದ ಕಾಳಿನಿಂದ ಎಷ್ಟು ಗುಳಿ ತುಂಬುತ್ತದೋ ಅಷ್ಟು ತುಂಬಿಸಿಕೊಂಡು, ಉಳಿದದ್ದನ್ನು ಖಾಲಿ ಬಿಟ್ಟು, ಮುಂದಿನ ಸುತ್ತು ಆಡುತ್ತಾರೆ. ಸಣ್ಣ ಬಂಡವಾಳದವರನ್ನು ಮಣೆಯಿಂದ ಏಳಿಸುವ ಪದ್ಧತಿ ಇಲ್ಲ. ಎರಡೋ ಮೂರೋ ಗುಳಿಯಿಂದ ಚೇತರಿಸಿಕೊಂಡವರೂ ಇದ್ದಾರೆ.

ಇದೇ ಮಣೆಯ ಸುತ್ತ ತುಳುನಾಡಿನ ಅತ್ಯಂತ ಕಠೋರ ಕತೆಯೂ ಇದೆ. ತುಳು ಹಾಡುಕತೆಯಾದ ಸಿರಿ ಪಾಡ್ದನದ ಅಬ್ಬಗ ದಾರಗರು ಅವಳಿ ಸಹೋದರಿಯರು. ಚೆನ್ನೆಯಾಟದ ಸೋಲುಗೆಲುವು ಜಗಳವಾಗಿ, ಮಣೆಯ ಪೆಟ್ಟಿಗೆ ಒಬ್ಬಳು ಸತ್ತು, ಇನ್ನೊಬ್ಬಳು ಬಾವಿಗೆ ಹಾರಿದಳು. ಇಲ್ಲಿಂದ ದೂರವಲ್ಲದ ಕವತ್ತಾರಿನಲ್ಲಿ ಇಂದಿಗೂ ಸಿರಿಜಾತ್ರೆ ನಡೆಯುತ್ತದೆ. ಜಾನಪದ ವಿದ್ವಾಂಸರು ಮನ್ನಿಸಬೇಕು, ನಾನು ಇದನ್ನು ವಾಣಿಜ್ಯದ ಪಠ್ಯವಾಗಿಯೂ ಓದುತ್ತೇನೆ. ದರ ಇಳಿಸಿ ಇಳಿಸಿ ಎದುರಿನ ಅಂಗಡಿಯ ಬಾಗಿಲು ಹಾಕಿಸಿದವರು, ಆಮೇಲೆ ಆ ಪೇಟೆಗೆ ಗಿರಾಕಿಗಳೇ ಬಾರದೆ ಕುಳಿತದ್ದನ್ನು ನಾವು ಕಂಡಿಲ್ಲವೇ?

ನಮ್ಮ ಜಿಲ್ಲೆಯ ದೊಡ್ಡವರೂ ಒಮ್ಮೆ ಮಕ್ಕಳ ಅಳತೆಯಲ್ಲಿ ಯೋಚಿಸಿದ್ದರು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. 1928ರಲ್ಲಿ ಬಂತು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ, ಅಂದರೆ ರೂಪಾಯಿಯ ಎಂಟನೇ ಒಂದು ಪಾಲು. ಏಜೆಂಟರು ಮನೆಬಾಗಿಲಿಗೇ ಹೋಗಿ ವಸೂಲು ಮಾಡಿದರು. ಮೀನು ಮಾರುವವಳು, ನೇಯುವವನು, ಬೀಡಿ ಕಟ್ಟುವವಳು ಆಟದಿಂದ ಎದ್ದು ಹೋಗದಂತೆ ನೋಡಿಕೊಂಡ ಉಪಾಯ ಅದು. 1969ರಲ್ಲಿ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಆ ಸಿಂಡಿಕೇಟ್ ಕೂಡ ಒಂದು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಕನಿಷ್ಠ ಶಿಲ್ಕು ಇಲ್ಲವೆಂದು ಹಲವು ಬ್ಯಾಂಕುಗಳು ಬಡವರ ಖಾತೆಯಿಂದಲೇ ದಂಡ ಮುರಿದುಕೊಂಡ ಕ್ರಮವನ್ನು ಈ ಎರಡಾಣೆಯ ಎದುರಿಗಿಟ್ಟು ನೋಡಿ. ಯಾರಿಗೆ ವ್ಯಾಪಾರ ಹೆಚ್ಚು ತಿಳಿದಿತ್ತು?

ಹುಲಿವೇಷದ ಮಕ್ಕಳ ಬಗ್ಗೆ ಒಂದೇ ಮಾತು. ಅಷ್ಟಮಿಗೋ ಮಾರ್ನೆಮಿಗೋ ತಂಡ ಕಟ್ಟುತ್ತಾರೆ, ಬಣ್ಣದ ಖರ್ಚು, ತಾಸೆಯವರ ಸಂಬಳ ಮೊದಲು ಕಳೆಯುತ್ತಾರೆ, ಉಳಿದದ್ದು ಹಂಚುತ್ತಾರೆ, ತಂಡ ಬರ್ಖಾಸ್ತು. ಮುಗಿದ ವ್ಯವಹಾರವನ್ನು ಮರ್ಯಾದೆಗಾಗಿ ಹತ್ತು ವರ್ಷ ಎಳೆಯುವ ಪಾಲುದಾರರು ಅವರ ಹತ್ತಿರ ಟ್ಯೂಷನ್ನಿಗೆ ಹೋಗಬಹುದು.

ಇನ್ನು ಮಕ್ಕಳು ಎಡವುವ ಜಾಗ. ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳಿಗೆ ನೀವೆಲ್ಲ ಹೋಗಿದ್ದೀರಿ. ಬಸಳೆ, ಹರಿವೆ, ತೊಂಡೆಕಾಯಿ, ಚರುಮುರಿ, ನಿಂಬೆಹಣ್ಣಿನ ಶರಬತ್ತು. ಸಂಜೆ ಕೈತುಂಬ ಚಿಲ್ಲರೆ ಎಣಿಸಿ ಅಷ್ಟೂ ಲಾಭ ಎಂದು ಕುಣಿಯುತ್ತಾರೆ. ಮನೆಯ ತೆಂಗಿನಕಾಯಿಗೆ, ಅಮ್ಮ ಬೆಳಿಗ್ಗೆ ಬೇಗ ಎದ್ದದ್ದಕ್ಕೆ ಲೆಕ್ಕವಿಲ್ಲ. ನಗಬೇಡಿ. ಶಂಕರಪುರ ಮಲ್ಲಿಗೆಯನ್ನು ನೋಡಿ. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದರ ದಿನಾ ಬೇರೆ. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುವ ಮನೆಯವರ ಕೂಲಿಯನ್ನು ಎಷ್ಟು ಮನೆಗಳ ಪುಸ್ತಕದಲ್ಲಿ ಬರೆದಿದ್ದಾರೆ? ಮಕ್ಕಳ ಈ ತಪ್ಪು ಅವರು ನಮ್ಮಿಂದ ಕಲಿತದ್ದು.

ಇತ್ತೀಚೆಗೆ ಇನ್ನೊಂದು ಕಾಯಿಲೆ. ಮಗುವಿನ ಅಂಗಡಿಯನ್ನು ಅಪ್ಪ ಅಮ್ಮ ನಡೆಸುವುದು. ಹಿಂದಿನ ರಾತ್ರಿಯೇ ವಡೆ ಕರಿದು, ಬ್ಯಾನರ್ ಬರೆಸಿ, ಪಕ್ಕದಲ್ಲಿ ನಿಂತು ‘ಹತ್ತು ರೂಪಾಯಿ ಎನ್ನು’ ಎಂದು ಕಿವಿಯಲ್ಲಿ ಉಸುರುವುದು. ಅಲ್ಲಿ ಆಟವೂ ಇಲ್ಲ, ವ್ಯಾಪಾರವೂ ಇಲ್ಲ. ಅದರ ಇನ್ನೊಂದು ತುದಿಯಲ್ಲಿ ನಿಜವಾದ ದುಡಿಮೆ ಇದೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆಯ ಹೊತ್ತಿನ ಆಚೆ ಮನೆಯ ಕಸುಬಿಗೆ ನೆರವಾಗಲು ಕಾನೂನು ಜಾಗ ಬಿಟ್ಟಿದೆ. ಆ ಜಾಗ ಎಷ್ಟು ಅಗಲ ಎಂಬ ತಕರಾರು ಇನ್ನೂ ಮುಗಿದಿಲ್ಲ. ನನ್ನ ಅಳತೆಗೋಲು ಸರಳ: ಬೇಸರ ಬಂದಾಗ ಮಗು ಅಂಗಡಿ ಬಿಟ್ಟು ಓಡಿಹೋಗಬಹುದೇ? ಹೋಗಬಹುದಾದರೆ ಆಟ. ಇಲ್ಲವಾದರೆ ನಾವು ಅದರಿಂದ ಪಾಠ ಕಲಿಯುವ ಮಾತು ಬಿಟ್ಟು ಆ ಮಗುವನ್ನು ಶಾಲೆಗೆ ಕಳಿಸೋಣ.

ಮಧ್ಯಾಹ್ನದ ಗೋಷ್ಠಿಯಲ್ಲಿ ಮಕ್ಕಳ ಸಂತೆಯ ಬಗ್ಗೆ ಮಾತಾಡುವ ಅಧ್ಯಾಪಕರಲ್ಲಿ ಎರಡು ಬೇಡಿಕೆ. ಮುಂದಿನ ಸಂತೆಗೆ ಲೆಕ್ಕದ ಹಾಳೆ ಮಾಡುವಾಗ ಅಮ್ಮನ ತೆಂಗಿನಕಾಯಿಗೂ ಅವಳ ಹೊತ್ತಿಗೂ ಒಂದೊಂದು ಸಾಲು ಬಿಡಿ. ಎರಡನೆಯದು, ಹೆಚ್ಚು ಲಾಭ ಮಾಡಿದವರಿಗೆ ಬಹುಮಾನ ಕೊಡುವ ಪದ್ಧತಿ ನಿಲ್ಲಿಸಿ. ಒಂದು ಕಟ್ಟು ಹರಿವೆಯೂ ಮಾರಾಟವಾಗದೆ ಕುಳಿತ ಹುಡುಗಿಯ ಪಕ್ಕದ ಅಂಗಡಿಯವರು ಏನು ಮಾಡಿದರು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ನಾವು ಸೇರುವಾಗ ನನಗೆ ಬೇಕಾದ ಅಂಕಿಅಂಶ ಅದು.