ಹಳೆ ಗಾಡಿಯ ದೀಪ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಹಳೆ ಮೋಟಾರ್ ಸೈಕಲ್‌ಗಳು ಇನ್ನೂ ಓಡುತ್ತಿವೆ. ಅದರಲ್ಲಿ ಯೆಜ್ಡಿ ನಮ್ಮ ರಾಜ್ಯದ್ದೇ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. 1996ರಲ್ಲಿ ಮುಚ್ಚಿತು. ಕಾರ್ಖಾನೆ ಹೋದರೂ ಗಾಡಿ ಉಳಿದಿದೆ. ಇಂಜಿನ್ ಗಟ್ಟಿ ಇದೆ. ದೀಪ ಮಾತ್ರ ಮಿಣಿಮಿಣಿ.

ಹಗಲಿಗೆ ತೊಂದರೆ ಇಲ್ಲ. ಆದರೆ ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಹೊರಡ್ತೇವೆ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ದೀಪ ಹೋದರೆ? ಎದುರಿನ ಲಾರಿಗೆ ನಾವು ಕಾಣುವುದಿಲ್ಲ. ರಸ್ತೆಗೆ ಬಿದ್ದ ಮರ ನಮಗೆ ಕಾಣುವುದಿಲ್ಲ. ಇದು ಜೀವದ ಪ್ರಶ್ನೆ, ಮಾರಾಯ್ರೇ.

ದೀಪ ಮಂಕಾದರೆ ನಾವು ಏನು ಮಾಡ್ತೇವೆ? ಪೇಟೆಗೆ ಹೋಗಿ ದೊಡ್ಡ ಬಲ್ಬು ತರ್ತೇವೆ. ಇದು, ಬೇರು ಕೊಳೆತ ಅಡಿಕೆ ಮರದ ಕೊನೆಗೆ ಔಷಧಿ ಹೊಡೆದ ಹಾಗೆ. ಮೊದಲು ವೈರು ನೋಡಬೇಕು.

ಬ್ಯಾಟರಿಯ ಅರ್ತ್ ವೈರು ಕಳಚಿ. ಆಮೇಲೆ ವೈರು ಕೂಡುವ ಜಾಗಗಳನ್ನು ಬಿಚ್ಚಿ ನೋಡಿ. ಹಸಿರು ಕಟ್ಟಿದೆಯಾ? ಅದು ತಾಮ್ರದ ಕಿಲುಬು. ನಮ್ಮ ಕಡೆಯ ಮಳೆಗೆ ಬೇಗ ಹಿಡೀತದೆ. ನೀರಿನ ಪೈಪಿಗೆ ತರಗೆಲೆ ಸಿಕ್ಕಿದ ಹಾಗೆ, ಅದು ಕರೆಂಟನ್ನು ತಡೀತದೆ. ಪಾಲಿಶ್ ಪೇಪರಿನಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ. ಅರ್ತ್ ವೈರು ಚಾಸಿಗೆ ಸೇರುವಲ್ಲಿ ತುಕ್ಕು ಕೆರೆದು ತೆಗೆಯಿರಿ. ಇಲಿ ಕಡಿದ ವೈರು ಬದಲಿಸಿ. ಹೊಸ ವೈರು ಹಳೆಯದಕ್ಕಿಂತ ಸಪೂರ ಇರಬಾರದು.

ನೀರು ಹಾಕುವ ಬ್ಯಾಟರಿಯ ಮೈಮೇಲೆ ಎರಡು ಗೆರೆ ಇರುತ್ತವೆ. ನೀರು ಅವುಗಳ ನಡುವೆ ಇರಲಿ. ಬಾವಿ ನೀರು ಹಾಕಬೇಡಿ, ಡಿಸ್ಟಿಲ್ಡ್ ವಾಟರ್ ಮಾತ್ರ. ಒಳಗಿರುವುದು ಆಸಿಡ್. ಕಣ್ಣು ಜೋಪಾನ. ಹತ್ತಿರ ಬೀಡಿ ಬೇಡ, ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರ್ತದೆ.

ಫ್ಯೂಸು ಹೋದರೆ ಸಿಗರೇಟಿನ ಬೇಗಡೆ ಸುತ್ತಬೇಡಿ. ಎಲ್ಲೋ ವೈರು ತಾಗಿದೆ ಅಂತ ಫ್ಯೂಸು ನಮಗೆ ಹೇಳ್ತದೆ. ಬೇಗಡೆ ಸುತ್ತಿದರೆ ಫ್ಯೂಸಿನ ಬದಲು ವೈರು ಸುಡ್ತದೆ. ಅಲ್ಲೇ ಮೇಲೆ ಪೆಟ್ರೋಲ್ ಟ್ಯಾಂಕು! ಹಳೆ ಫ್ಯೂಸಿನ ಅಂಕಿ ಓದಿ, ಅದೇ ಅಂಕಿಯ ಹೊಸದು ಹಾಕಿ.

ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ? 6 ವೋಲ್ಟಿನ ಗಾಡಿಯನ್ನು 12 ವೋಲ್ಟಿಗೆ ಮಾಡಿಸಬಹುದು. ಒಂದು ಲೆಕ್ಕ ಮಾಡೋಣ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. 36 ವ್ಯಾಟಿನ ಬಲ್ಬು 6 ವೋಲ್ಟಿನಲ್ಲಿ 6 ಆಂಪಿಯರ್ ಎಳೀತದೆ. 12 ವೋಲ್ಟಿನಲ್ಲಾದರೆ 3 ಸಾಕು. ಕರೆಂಟು ಅರ್ಧ ಆಯಿತು. ವೈರಿನಲ್ಲಿ ನಷ್ಟ ಕಡಿಮೆ, ಬಿಸಿಯೂ ಕಡಿಮೆ.

ಆದರೆ ಬ್ಯಾಟರಿ ಒಂದನ್ನೇ ಬದಲಿಸಿದರೆ ಹಳೆ ಬಲ್ಬು ಸುಟ್ಟು ಹೋಗ್ತದೆ. ಡೈನಮೋ, ರೆಗ್ಯುಲೇಟರ್, ಬ್ಯಾಟರಿ, ಇಗ್ನಿಷನ್ ಕಾಯಿಲ್, ಹಾರನ್, ಬಲ್ಬು ಎಲ್ಲವೂ 12 ವೋಲ್ಟಿಗೆ ಹೊಂದಬೇಕು. ಇದು ಬಲ್ಲ ಮೆಕ್ಯಾನಿಕ್ಕಿನ ಕೆಲಸ. ಯಾವ ಸಾಮಾನು, ಎಷ್ಟು ಹಣ ಅಂತ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನೀವೇ ಓದಿ ನೋಡಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ಬಲ್ಬಿನ ವೋಲ್ಟ್ ಎಷ್ಟು, ವ್ಯಾಟ್ ಎಷ್ಟು, ಫ್ಯೂಸು ಎಷ್ಟರದು? ಮೂರೂ ಅಂಕಿ ಬರೆದುಕೊಂಡು ಬನ್ನಿ. ನಾಳೆ ಸೇರಿ ಲೆಕ್ಕ ಮಾಡೋಣ. ಮಳೆ ಹಿಡಿಯುವ ಮೊದಲೇ ವೈರು ಬಿಚ್ಚಿ ನೋಡೋಣ.