ಹಬ್ಬದ ಊಟ, ನೆರೆಯವರ ಮನಸ್ಸು
(ಕೊಂಢವಾದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಪುಸ್ತಕಗಳ ಮಾತು ನಡೆಯುವ ಈ ಸ್ಥಳದಲ್ಲಿ ಇಂದು ಅಡಿಗೆಯ ಮಾತನ್ನೆತ್ತಿಕೊಂಡಿದ್ದೇವೆ. ಊರು ಬಿಟ್ಟು ಬಂದ ನಮಗೆ ನೆಂಟರಿಷ್ಟರು ಒಂದೆಡೆ ಸೇರುವ ದಿನ ವರ್ಷಕ್ಕೆ ಒಂದೋ ಎರಡೋ. ಆ ದಿನದ ಊಟ ಹೇಗಿರಬೇಕೆಂಬುದು ಸಣ್ಣ ವಿಚಾರವಲ್ಲ.

ಪಶ್ಚಿಮ ದೇಶಗಳಲ್ಲಿ ಕ್ರಿಸ್‌ಮಸ್, ಈಸ್ಟರ್ ಹಬ್ಬಗಳಿಗೆ ಹ್ಯಾಮ್ ಮಾಡುವುದುಂಟು. ಹಂದಿಯ ಹಿಂದಿನ ತೊಡೆಯನ್ನು ಉಪ್ಪಿನಲ್ಲಿ ಹದಗೊಳಿಸಿಡುತ್ತಾರೆ. ಕೆಲವರು ಹೊಗೆಯನ್ನೂ ಹಾಕುತ್ತಾರೆ. ಹಬ್ಬದ ದಿನ ಅದರ ಮೇಲೆ ಸಕ್ಕರೆ ಇಲ್ಲವೆ ಜೇನುತುಪ್ಪ ಬಳಿದು ಓವನ್ನಿನಲ್ಲಿಟ್ಟರೆ ಹೊರಮೈ ಕೆಂಪಗಾಗಿ ಮಿರುಗುತ್ತದೆ. ಒಂದೇ ಕೋಣೆ, ಒಂದೇ ಒಲೆಯವರಿಗೆ ಓವನ್ ಎಲ್ಲಿಂದ ಬರಬೇಕು? ಆದರೆ ಅದಕ್ಕೆ ಸಾಟಿಯಾದ ಅಡಿಗೆ ನಮ್ಮ ನಾಡಿನಲ್ಲೇ ಇದೆ. ಅದು ಕೊಡಗಿನ ಪಂದಿಕರಿ.

ನಾಟಿಯ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲಲ್ಲಿ ಕೊಡವರು ಕೈಲ್‌ಮುಹೂರ್ತ ಆಚರಿಸುತ್ತಾರೆ. ಕೋವಿ ಕತ್ತಿಗಳಿಗೆ ಪೂಜೆಯಾದ ಮೇಲೆ ಕುಟುಂಬದವರೆಲ್ಲ ಕೂಡಿ ಪಂದಿಕರಿ, ಕಡಂಬುಟ್ಟು ಉಣ್ಣುವುದು ರೂಢಿ.

ಮಾಡುವ ಕ್ರಮ ಕಷ್ಟದ್ದಲ್ಲ. ಕೊಬ್ಬಿರುವ ಮಾಂಸದ ತುಂಡುಗಳಿಗೆ ಉಪ್ಪು, ಅರಿಸಿನ, ಖಾರದ ಪುಡಿ ಹಚ್ಚಿಡಬೇಕು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯೊಡನೆ ಸ್ವಲ್ಪವೇ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆಗಳನ್ನು ಕಪ್ಪಗಾಗುವಂತೆ ಹುರಿದು ಪುಡಿಮಾಡಿ ಸೇರಿಸಬೇಕು. ಕೊನೆಯಲ್ಲಿ ಒಂದೆರಡು ಚಮಚ ಕಾಚಂಪುಳಿ. ಇದು ಪನಂಪುಳಿ ಹಣ್ಣಿನ ರಸವನ್ನು ಕಾಸಿ ಗಟ್ಟಿಮಾಡಿದ ಕಪ್ಪು ಹುಳಿ. ಕೊಬ್ಬಿನ ಜಿಡ್ಡನ್ನು ಮುರಿದು ರುಚಿಯನ್ನು ಹದಕ್ಕೆ ತರುತ್ತದೆ. ಅಲ್ಲಿಯ ಹ್ಯಾಮಿಗೆ ಜೇನು ಕೊಡುವ ಮಿರುಗನ್ನು ಇಲ್ಲಿ ಈ ಹುಳಿಯೂ ಹುರಿದ ಮಸಾಲೆಯೂ ಕೊಡುತ್ತವೆ.

ಒಂದು ಎಚ್ಚರಿಕೆ. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಹೊಟ್ಟೆ ಸೇರಬಹುದು. ಅವಸರ ಬೇಡ; ಒಳಗಿನ ಕೆಂಪು ಹೋಗಿ ಮಾಂಸ ಮೆತ್ತಗಾಗುವವರೆಗೆ ಬೇಯಲಿ. ಹಸಿಮಾಂಸ ಮುಟ್ಟಿದ ಕೈ, ಚೂರಿ, ಮಣೆಗಳನ್ನು ಸಾಬೂನಿನಿಂದ ತೊಳೆಯದೆ ಬೇರೆ ಕೆಲಸಕ್ಕೆ ತರಬಾರದು. ಅಂಗಡಿಯ ಹ್ಯಾಮ್ ತಂದವರು ಅದು ಬೆಂದದ್ದೊ ಹಸಿಯೊ ಎಂಬುದನ್ನು ಪೊಟ್ಟಣದ ಮೇಲೆ ಓದಿಕೊಳ್ಳಲಿ.

ಇನ್ನು ಮುಖ್ಯವಾದ ಮಾತು. ಕೊಂಢವಾದಲ್ಲಿ ಹಲವು ಮತದವರು ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುತ್ತೇವೆ. ಈ ಮಾಂಸವನ್ನು ಧರ್ಮಕ್ಕಾಗಿ ಮುಟ್ಟದವರುಂಟು. ಯಾವ ಮಾಂಸವನ್ನೂ ಮುಟ್ಟದವರುಂಟು. ನಮ್ಮ ವಾಚನಾಲಯದ ಸದಸ್ಯರಲ್ಲೂ ಇದ್ದಾರೆ. ಹಾಗೆಂದು ಉಣ್ಣುವವನು ಕಳ್ಳನಂತೆ ಬಾಗಿಲಿಕ್ಕಿ ಉಣ್ಣಬೇಕಾಗಿಲ್ಲ. ತನ್ನ ಊಟಕ್ಕೆ ನಾಚಬೇಕಾಗಿಯೂ ಇಲ್ಲ. ಬೇಕಾದದ್ದು ಪ್ರಾಮಾಣಿಕತೆ. ಬಾಡಿಗೆಗೆ ಹಿಡಿಯುವಾಗಲೇ ಮನೆಯ ಮಾಲೀಕರಿಗೆ ತಿಳಿಸುವುದು. ಪಾತ್ರೆ, ಸೌಟು ಬೇರೆ ಇಡುವುದು. ಕಾರ್ಖಾನೆ ಕಚೇರಿಗಳಲ್ಲಿ ಬುತ್ತಿ ಹಂಚುವಾಗ ಇದು ಇಂಥದೆಂದು ಮೊದಲೇ ಹೇಳುವುದು. ಗೊತ್ತಿಲ್ಲದವರ ಬಾಯಿಗೆ ತಮಾಷೆಗೆ ಇಡುವುದು ತಮಾಷೆಯಲ್ಲ, ದ್ರೋಹ.

ಕಡಂಬುಟ್ಟಿಗೆ ಬೇಕಾದುದು ಅಕ್ಕಿತರಿ, ಉಪ್ಪು, ನೀರು ಮಾತ್ರ. ತರಿಯನ್ನು ಬೇಯಿಸಿ, ಬಿಸಿಯಾರುವ ಮೊದಲೇ ಉಂಡೆ ಕಟ್ಟಿ, ಹಬೆಯಲ್ಲಿಡಬೇಕು. ಉಂಡೆ ಕಟ್ಟಲು ಎಷ್ಟು ಕೈ ಇದ್ದರೂ ಬೇಕು. ಬೇರೆ ಪಾತ್ರೆಯಲ್ಲಿ ಕುಂಬಳಕಾಯಿಯ ಪಲ್ಯವೊಂದು ಆಗಲಿ. ಆಗ ಪಕ್ಕದ ಮನೆಯವರನ್ನೂ ಧೈರ್ಯವಾಗಿ ಕರೆಯಬಹುದು. ಕರೆದವರು ನಂಬಿ ಕೈತೊಳೆದು ಕುಳಿತರೆ, ಪರಊರಿನಲ್ಲಿ ಹಬ್ಬ ಮಾಡಿದ್ದು ಸಾರ್ಥಕ.